ಮೊದಲ ರೈಲಿಗೆ ಹೊರಡುವ ಮನೆಗಳು ಮತ್ತು ಹದಿಹರೆಯದ ಖಿನ್ನತೆ

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಮುಂಜಾನೆಯ ರೈಲು ಹಿಡಿಯಲು ನಸುಕಿನಲ್ಲೇ ಮನೆ ಬಿಡುವ ಸಾವಿರಾರು ಜನ ಚಿನ್ನದ ಗಣಿಯ ಊರಾದ ಕೆಜಿಎಫ್‌ನಲ್ಲಿದ್ದಾರೆ. ಚಾಂಪಿಯನ್ ರೀಫ್, ಊರಿಗಾಂ, ಕೋರಮಂಡಲ್‌ಗಳಲ್ಲಿ ಒಬ್ಬೊಬ್ಬರೇ ಹತ್ತಿ, ಬಂಗಾರಪೇಟೆ ದಾಟುವಷ್ಟರಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ದುಡಿದು ಮನೆ ಸೇರುವಾಗ ರಾತ್ರಿ. ಮಕ್ಕಳು ಅಷ್ಟರಲ್ಲಿ ಉಂಡು ಮಲಗಿರುತ್ತಾರೆ, ಇಲ್ಲವೇ ಮೊಬೈಲ್ ಹಿಡಿದು ಮೂಲೆ ಸೇರಿರುತ್ತಾರೆ. 2001ರ ಫೆಬ್ರವರಿ 28ರಂದು ಇಲ್ಲಿನ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಎಷ್ಟೋ ಮನೆಗಳಿಗೆ ಇದೇ ದಿನಚರಿಯಾಯಿತು.

ಹದಿಹರೆಯದ ಖಿನ್ನತೆಯ ಮಾತನ್ನು ಈ ದಿನಚರಿಯಿಂದ ಶುರುಮಾಡಲು ಕಾರಣವಿದೆ. ಖಿನ್ನತೆ ಇದೆ ಎಂದು ತೋರಿಸುವ ರಕ್ತಪರೀಕ್ಷೆಯಾಗಲೀ ಎಕ್ಸ್‌ರೇ ಆಗಲೀ ಇಲ್ಲ. ದಿನವೂ ನೋಡುವ ಒಬ್ಬರು 'ಈ ಹುಡುಗಿ ಮೊದಲಿನಂತಿಲ್ಲ' ಎಂದು ಗುರುತಿಸಬೇಕು. ಅಪ್ಪ ಅಮ್ಮ ಇಬ್ಬರೂ ರೈಲಿನಲ್ಲಿರುವ ಮನೆಯಲ್ಲಿ ಹಾಗೆ ಗುರುತಿಸುವವರು ಯಾರು? ಈ ಅಧ್ಯಾಯ ಹೆತ್ತವರಿಗೆ ಎಷ್ಟೋ, ಅಜ್ಜಿ ತಾತಂದಿರಿಗೆ, ಪಕ್ಕದ ಮನೆಯವರಿಗೆ, ಶಾಲೆಯ ಮೇಷ್ಟರುಗಳಿಗೂ ಅಷ್ಟೇ ಸೇರಿದ್ದು.

ಬೇಸರ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ, ಗೆಳತಿ ಮಾತು ಬಿಟ್ಟರೆ ಎರಡು ದಿನ ಊಟ ಸೇರದಿರುವುದು ಕಾಯಿಲೆಯಲ್ಲ. ಆದರೆ ಮಂಕುತನ ಎರಡು ವಾರ ದಾಟಿ, ಹೆಚ್ಚುಕಡಿಮೆ ದಿನವಿಡೀ ಉಳಿದು, ಓದು, ಆಟ, ಊಟ, ನಿದ್ದೆ ಎಲ್ಲವನ್ನೂ ಕೆಡಿಸತೊಡಗಿದರೆ ವೈದ್ಯರು ಅದನ್ನು ಖಿನ್ನತೆ ಎಂದು ಪರಿಗಣಿಸುತ್ತಾರೆ. ದೊಡ್ಡವರಲ್ಲಿ ಇದು ಅಳುವಾಗಿ, ಮೌನವಾಗಿ ಕಾಣಬಹುದು. ಹದಿಹರೆಯದವರಲ್ಲಿ ಬಹಳ ಸಲ ಸಿಡುಕಾಗಿ ಕಾಣುತ್ತದೆ. ಮಾತೆತ್ತಿದರೆ ರೇಗುವುದು, ಬಾಗಿಲು ಹಾಕಿಕೊಳ್ಳುವುದು, ಶಾಲೆಗೆ ಚಕ್ಕರ್ ಹೊಡೆಯುವುದು, ದಿನಾ ತಲೆನೋವು ಹೊಟ್ಟೆನೋವು ಎನ್ನುವುದು. ಕ್ರಿಕೆಟ್ ಎಂದರೆ ಪ್ರಾಣ ಬಿಡುತ್ತಿದ್ದ ಹುಡುಗ ಬ್ಯಾಟು ಮುಟ್ಟುವುದನ್ನೇ ನಿಲ್ಲಿಸುತ್ತಾನೆ. ಮನೆಯವರು ಅದಕ್ಕೆ ಸೊಕ್ಕು, ಸೋಮಾರಿತನ, ಮೊಬೈಲ್ ಹುಚ್ಚು ಎಂದು ಹೆಸರಿಡುತ್ತಾರೆ. ಆ ಹೆಸರುಗಳಡಿಯಲ್ಲಿ ತಿಂಗಳುಗಳು ಕಳೆದುಹೋಗುತ್ತವೆ.

ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಇನ್ನೊಂದು ಮಾತು ಕೇಳಿಬರುತ್ತದೆ: 'ನಿಮ್ಮ ತಾತ ಮೂರು ಕಿಲೋಮೀಟರ್ ಆಳಕ್ಕೆ ಇಳಿದು ದುಡಿದರು, ನಿನಗೇನು ಕಡಿಮೆಯಾಗಿದೆ?' ತಾತನ ಕಷ್ಟ ನಿಜವಾದದ್ದು. ಚಾಂಪಿಯನ್ ರೀಫ್ ಗಣಿ ನಿಜಕ್ಕೂ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು, ಆ ಸೆಕೆಯಲ್ಲಿ ಬಂಡೆ ಕೊರೆದವರ ಗಟ್ಟಿತನಕ್ಕೆ ಕೈಮುಗಿಯಲೇಬೇಕು. ಆದರೆ ಆ ಮಾತು ಮಗುವಿನ ಬಾಯಿ ಮುಚ್ಚಿಸುತ್ತದೆಯೇ ಹೊರತು ಕಾಯಿಲೆ ವಾಸಿಮಾಡುವುದಿಲ್ಲ. ಗಣಿಧೂಳು ಕುಡಿದು ಸಿಲಿಕೋಸಿಸ್ ಬಂದ ತಾತನಿಗೆ 'ಮನಸ್ಸು ಗಟ್ಟಿ ಮಾಡಿಕೋ, ಕೆಮ್ಮು ನಿಲ್ಲುತ್ತದೆ' ಎಂದರೆ ಒಪ್ಪುತ್ತೇವೆಯೇ? ಎದೆಯ ಒಳಗೆ ಕೆಟ್ಟದ್ದು ಹೊರಗೆ ಕಾಣದಿದ್ದರೂ ಕಾಯಿಲೆಯೇ ಎಂದು ಈ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನಸ್ಸಿನ ಕಾಯಿಲೆಯನ್ನೂ ಅದೇ ನ್ಯಾಯದಲ್ಲಿ ನೋಡಬೇಕು.

ಖಿನ್ನತೆಗೆ ಒಂದೇ ಕಾರಣ ಇರುವುದಿಲ್ಲ. ವಂಶದಲ್ಲಿ ಯಾರಿಗಾದರೂ ಖಿನ್ನತೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಮೈನೆರೆಯುವ ಕಾಲದಲ್ಲಿ ಮಿದುಳು, ನಿದ್ದೆಯ ಹೊತ್ತು, ಹಾರ್ಮೋನುಗಳು ಎಲ್ಲವೂ ಬದಲಾಗುತ್ತವೆ. ಆ ವಯಸ್ಸಿನಿಂದಾಚೆ ಹುಡುಗಿಯರಲ್ಲಿ ಖಿನ್ನತೆ ಹುಡುಗರಿಗಿಂತ ಸುಮಾರು ಎರಡು ಪಟ್ಟು. ಇವುಗಳ ಮೇಲೆ ಮನೆಯ ಸಾಲ, ಅಪ್ಪನ ಕುಡಿತ, ಶಾಲೆಯಲ್ಲಿ ಅಣಕ, ಹೊಡೆತ, ಲೈಂಗಿಕ ಕಿರುಕುಳ, ಹತ್ತಿರದವರ ಸಾವು ಬಂದು ಬೀಳುತ್ತವೆ. ಇಂದು ಹೈಸ್ಕೂಲಿನಲ್ಲಿರುವ ಮಕ್ಕಳು ಗಣಿ ನಡೆದದ್ದನ್ನು ಕಂಡವರಲ್ಲ. ಅದು ಮುಚ್ಚಿದಾಗ ಶಾಲೆಯ ಬೆಂಚಿನ ಮೇಲಿದ್ದವರು ಅವರ ಅಪ್ಪ ಅಮ್ಮಂದಿರು. ಮನೆಯ ಸಂಬಳ ನಿಂತದ್ದನ್ನು ನೋಡಿದ ಆ ಮಕ್ಕಳ ಮನಸ್ಸನ್ನು ಅಂದು ವಿಚಾರಿಸಿದವರು ಕಡಿಮೆ. ತಮ್ಮನ್ನು ಯಾರೂ ಕೇಳದೆ ಬೆಳೆದವರಿಗೆ ತಮ್ಮ ಮಕ್ಕಳನ್ನು ಹೇಗೆ ಕೇಳಬೇಕೆಂದು ತಿಳಿಯದಿದ್ದರೆ ಅದು ಅವರ ತಪ್ಪಲ್ಲ ಎಂದೇ ನನ್ನ ನಂಬಿಕೆ. ಕೇಳುವುದನ್ನು ಈಗ ಕಲಿಯಬಹುದು.

ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವಯಸ್ಸಿನವರಲ್ಲಿ ಶೇ. 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿತ್ತು. ಖಿನ್ನತೆ ಅವುಗಳಲ್ಲಿ ಒಂದು. ಐವತ್ತು ಮಕ್ಕಳ ತರಗತಿಗೆ ಈ ಲೆಕ್ಕ ಹಾಕಿದರೆ ಮೂರು ನಾಲ್ಕು ಮಕ್ಕಳು. ಬೆಳಗಿನಿಂದ ಸಂಜೆಯವರೆಗೆ ಅವರನ್ನು ಕಾಣುವವರು ಮೇಷ್ಟರು. ಅಂಕ ದಿಢೀರನೆ ಇಳಿದ ಮಗುವನ್ನು ತರಗತಿಯಲ್ಲಿ ನಿಲ್ಲಿಸಿ ಬೈಯುವ ಬದಲು ಬಿಡುವಿನಲ್ಲಿ ಪಕ್ಕಕ್ಕೆ ಕರೆದು 'ಏನಮ್ಮಾ, ಈಚೆಗೆ ಸೊರಗಿದ್ದೀಯ, ಮನೆಯಲ್ಲಿ ಎಲ್ಲಾ ಸರಿಯಾ?' ಎಂದು ಕೇಳುವುದಕ್ಕೆ ಯಾವ ತರಬೇತಿಯೂ ಬೇಡ. ಕೇಳಿದ ಮೇಲೆ ಬುದ್ಧಿಮಾತು ಹೇಳದೆ ಸುಮ್ಮನೆ ಕೇಳಿಸಿಕೊಳ್ಳಬೇಕು, ಅದೇ ಕಷ್ಟದ ಭಾಗ.

'ಬದುಕಿ ಏನು ಪ್ರಯೋಜನ' ಎಂಬ ಮಾತು ಮಗುವಿನ ಬಾಯಿಂದ ಬಂದರೆ ನಾಟಕ ಎಂದು ತಳ್ಳಿಹಾಕಬೇಡಿ. 'ಸಾಯಬೇಕು ಅಂತ ಅನಿಸುತ್ತಿದೆಯಾ?' ಎಂದು ನೇರವಾಗಿಯೇ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಸುಳ್ಳು. ಕೇಳಿದರೆ ಹೊರೆ ಇಳಿಯುವುದೇ ಹೆಚ್ಚು. ಹೌದು ಎಂದರೆ ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಬಂಗಾರಪೇಟೆಯ ಸುತ್ತಲ ಹಳ್ಳಿಗಳಲ್ಲಿ ತರಕಾರಿ ಬೆಳೆಗೆ ತಂದ ಔಷಧಿ ಮನೆಯಲ್ಲೇ ಇರುತ್ತದೆ. ಅದನ್ನೂ ಮಾತ್ರೆಗಳನ್ನೂ ಬೀಗ ಹಾಕಿಡುವುದು ಜೀವ ಉಳಿಸುವ ಕೆಲಸ. ಪೊಲೀಸ್ ಕೇಸಿನ ಹೆದರಿಕೆಯಿಂದ ಮುಚ್ಚಿಡುವವರಿಗೆ ಒಂದು ಮಾತು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಆರೈಕೆ ಕೊಡಲು ಹೇಳುತ್ತದೆ.

ಕಮ್ಮಸಂದ್ರದ ಕೋಟಿಲಿಂಗೇಶ್ವರನಿಗೆ ಹರಕೆ ಹೊರುವುದು, ದರ್ಗಾದಲ್ಲಿ ತಾಯತ ಕಟ್ಟಿಸುವುದು, ಚರ್ಚಿನಲ್ಲಿ ಪ್ರಾರ್ಥನೆ ಮಾಡಿಸುವುದು ಎಲ್ಲವೂ ಮಗುವಿನ ಮೇಲಿನ ಅಕ್ಕರೆಯೇ. ಅವು ಇರಲಿ, ಜೊತೆಗೆ ವೈದ್ಯರೂ ಇರಲಿ. ವೈದ್ಯರು ಮೊದಲು ರಕ್ತಹೀನತೆ, ಥೈರಾಯ್ಡ್ ತೊಂದರೆ ಇದೆಯೇ ಎಂದು ನೋಡುತ್ತಾರೆ, ಏಕೆಂದರೆ ಅವೂ ಮಗುವನ್ನು ಹೀಗೆಯೇ ಸುಸ್ತಾಗಿಸುತ್ತವೆ. ಖಿನ್ನತೆ ಸೌಮ್ಯವಾಗಿದ್ದರೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ಹೆಚ್ಚಿದ್ದರೆ ಮಾತ್ರೆಯೂ ಬೇಕು. ಮಾತ್ರೆ ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ. ಶುರುವಿನ ವಾರಗಳಲ್ಲಿ ಮಗುವಿನ ಮೇಲೆ ಇನ್ನಷ್ಟು ನಿಗಾ ಬೇಕು. ಇದು ಚಟ ಹತ್ತುವ ಮಾತ್ರೆಯಲ್ಲ, ಆದರೆ ಗುಣ ಕಂಡಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಆಸ್ಪತ್ರೆಗೆ ಹೋಗಲು ಕೂಲಿ ಬಿಡಬೇಕು, ಬಸ್ ಚಾರ್ಜು ಬೇಕು, ಅಕ್ಕಪಕ್ಕದವರ ಕಣ್ಣು ಬೇರೆ. ಅದಕ್ಕೇ 14416 ಸಂಖ್ಯೆಯ ಟೆಲಿಮಾನಸ್ ದೊಡ್ಡ ಉಪಕಾರ. 2022ರ ಅಕ್ಟೋಬರ್ 10ರಂದು ಶುರುವಾದ ಈ ಉಚಿತ ದೂರವಾಣಿ ಹಗಲೂ ರಾತ್ರಿ ಇರುತ್ತದೆ. ಕನ್ನಡ, ತಮಿಳು, ತೆಲುಗು ಯಾವುದರಲ್ಲಾದರೂ ಮಾತಾಡಬಹುದು, ಮನೆಮನೆಗೊಂದು ಭಾಷೆಯಿರುವ ಕೆಜಿಎಫ್‌ಗೆ ಇದು ಸಣ್ಣ ವಿಷಯವಲ್ಲ. ಮನೆಯಲ್ಲೇ ಹಿಂಸೆಯಾಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ನೇರವಾಗಿ ತೋರಿಸಬೇಕೆಂದರೆ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಕೋಲಾರದ ಜಿಲ್ಲಾ ಆಸ್ಪತ್ರೆ ಮತ್ತು ಟಮಕದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ಗೆ ನಿತ್ಯ ಹತ್ತುವ ಅದೇ ರೈಲಿನಲ್ಲಿ ಹೋಗಬಹುದು.

ದಿನಾ ರೈಲು ಹತ್ತುವ ಅಪ್ಪ ಅಮ್ಮಂದಿರೇ, ಭಾನುವಾರ ಒಂದು ಗಂಟೆ ಮೊಬೈಲ್ ಬದಿಗಿಟ್ಟು ಮಗುವಿನ ಜೊತೆ ಕೂತು ಉಣ್ಣಿ. ಉಳಿದ ಆರು ದಿನ ಅವರನ್ನು ಕಾಣುವ ಅಜ್ಜಿಗೂ, ಶಾಲೆಯ ಮೇಷ್ಟರಿಗೂ ನಿಮ್ಮ ಫೋನ್ ನಂಬರ್ ಕೊಟ್ಟು, ಏನಾದರೂ ಬದಲಾವಣೆ ಕಂಡರೆ ತಿಳಿಸಿ ಎಂದು ಕೇಳಿಕೊಳ್ಳಿ.