ಮಾಗಳಿ ಬೇರು ಮತ್ತು ನಮ್ಮ ಗಿರಿಜನರು

ಕೊಯಮತ್ತೂರು ಸೀಮೆಯ ಅನೇಕ ಕನ್ನಡ ಮನೆಗಳಲ್ಲಿ ಮಾವು, ನಿಂಬೆ, ನೆಲ್ಲಿಗಳ ಉಪ್ಪಿನಕಾಯಿಯ ಸಾಲಿನಲ್ಲಿ ಮಾಗಳಿ ಬೇರಿನ ಭರಣಿಗೂ ಒಂದು ಸ್ಥಾನವುಂಟು. ಮಾಕಳಿ ಬೇರು ಎಂದು ಕರೆಯುವವರೂ ಇದ್ದಾರೆ. ತಮಿಳರು ಇದನ್ನು ಮಾಗಾಳಿ ಕಿಳಂಗು ಎನ್ನುತ್ತಾರೆ. ಇದರ ಪರಿಮಳದ ವಿಷಯದಲ್ಲಿ ಜನರಲ್ಲಿ ಎರಡು ಪಕ್ಷಗಳಿವೆ. ಮೊಸರನ್ನಕ್ಕೆ ಇದಕ್ಕಿಂತ ಉತ್ತಮ ಜೊತೆಯಿಲ್ಲವೆಂಬುದು ಒಂದು ಪಕ್ಷ. ತಿಗಣೆಯ ವಾಸನೆಯೆಂದು ಮೂಗು ಮುಚ್ಚಿಕೊಳ್ಳುವುದು ಇನ್ನೊಂದು ಪಕ್ಷ. ನಾನು ಮೊದಲನೆಯ ಪಕ್ಷಕ್ಕೆ ಸೇರಿದವನು. ಆದರೆ ಈ ಬೇರು ಎಲ್ಲಿಂದ ಬರುತ್ತದೆ, ಇದನ್ನು ಅಗೆದು ತರುವವರು ಯಾರು, ಅವರಿಗೂ ಈ ಗಿಡಕ್ಕೂ ಇರುವ ಸಂಬಂಧವೇನು ಎಂಬುದನ್ನು ಎರಡು ಪಕ್ಷದವರೂ ವಿಚಾರಿಸುವುದು ಕಡಿಮೆ. ಆ ವಿಚಾರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮಾಗಳಿಯು ಒಂದು ಕಾಡುಬಳ್ಳಿ. ಎಕ್ಕದ ಗಿಡದ ಬಳಗಕ್ಕೆ ಸೇರಿದ ಇದರ ಕಾಂಡವನ್ನು ಮುರಿದರೆ ಹಾಲು ಒಸರುತ್ತದೆ. ಕಾಯಿಗಳು ಜೋಡಿಯಾಗಿ ಬಿಡುತ್ತವೆ; ಒಣಗಿ ಒಡೆದಾಗ ರೇಷ್ಮೆಯಂತಹ ಎಳೆಗಳುಳ್ಳ ಬೀಜಗಳು ಗಾಳಿಯಲ್ಲಿ ತೇಲಿಹೋಗುತ್ತವೆ. ದಕ್ಷಿಣ ಭಾರತದ ಒಣ ಬೆಟ್ಟಗಳ ಕಲ್ಲುಸಂದಿಗಳೇ ಇದರ ನೆಲೆ. ಪ್ರಪಂಚದ ಬೇರಾವ ಭಾಗದಲ್ಲಿಯೂ ಇದು ಸಹಜವಾಗಿ ಬೆಳೆಯುವುದಿಲ್ಲ. ನನ್ನಾರಿ ಶರಬತ್ತಿಗೆ ಬಳಸುವ ಸೊಗದೆ ಬೇರು ಇದರ ಹತ್ತಿರದ ಸಂಬಂಧಿ. ಸೊಗದೆಯ ಬೇರು ತಂತಿಯಂತೆ ತೆಳುವಾದರೆ ಮಾಗಳಿಯದು ಬೆರಳಿಗಿಂತ ದಪ್ಪವಾಗಿ, ರಸಭರಿತವಾಗಿ, ಗೊಂಚಲಾಗಿ ಬೆಳೆಯುತ್ತದೆ. ಬೇರನ್ನು ನೀರಿನಲ್ಲಿ ನೆನೆಸಿ, ಕಂದು ಸಿಪ್ಪೆಯನ್ನು ಹೆರೆದು, ನಡುವಿನ ನಾರುಕಡ್ಡಿಯನ್ನು ತೆಗೆದುಹಾಕಿ, ಹೋಳು ಮಾಡಿ, ಉಪ್ಪು ಖಾರಗಳೊಡನೆ ನಿಂಬೆರಸದಲ್ಲಿಯೋ ಮಜ್ಜಿಗೆಯಲ್ಲಿಯೋ ಊರಿಸುವ ಕ್ರಮವನ್ನು ನಮ್ಮ ಹೆಂಗಳೆಯರು ಬಲ್ಲರು.

ಇದಕ್ಕೆ ಡೆಕಾಲೆಪಿಸ್ ಹ್ಯಾಮಿಲ್ಟೋನಿ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟವರು ರಾಬರ್ಟ್ ವೈಟ್ ಮತ್ತು ವಾಕರ್ ಆರ್ನಾಟ್ ಎಂಬ ಸಸ್ಯಶಾಸ್ತ್ರಜ್ಞರು, 1834ರಲ್ಲಿ. ಇವರಲ್ಲಿ ವೈಟ್ ಅವರು 1842ರಿಂದ ಸುಮಾರು ಹತ್ತು ವರ್ಷ ನಮ್ಮ ಕೊಯಮತ್ತೂರಿನಲ್ಲಿಯೇ ಇದ್ದು, ಸರ್ಕಾರದ ಪರವಾಗಿ ಅಮೆರಿಕದ ಹತ್ತಿ ತಳಿಗಳ ಪ್ರಯೋಗವನ್ನು ನಡೆಸಿದರೆಂಬುದು ಈ ಊರಿನವರು ತಿಳಿದಿರಬೇಕಾದ ಸಂಗತಿ. ಮುಂದೆ 1940ರ ದಶಕದ ಆರಂಭದಲ್ಲಿ ಟಿ. ಆರ್. ಶೇಷಾದ್ರಿ ಮತ್ತು ಅವರ ಸಹೋದ್ಯೋಗಿಗಳು ಈ ಬೇರಿನ ರಾಸಾಯನಿಕ ಘಟಕಗಳನ್ನು ಅಭ್ಯಸಿಸಿದರು. ಐಸ್‌ಕ್ರೀಮಿಗೆ ಹಾಕುವ ವೆನಿಲ್ಲಾದ ಸುವಾಸನೆಗೆ ಕಾರಣವಾದ ವೆನಿಲಿನ್ ಎಂಬ ದ್ರವ್ಯದಲ್ಲಿರುವ ಪರಮಾಣುಗಳೇ, ಅಷ್ಟೇ ಸಂಖ್ಯೆಯಲ್ಲಿ, ಆದರೆ ಬೇರೆ ಜೋಡಣೆಯಲ್ಲಿ ಮಾಗಳಿಯ ಸುಗಂಧದ್ರವ್ಯದಲ್ಲಿವೆ. ಮಾಗಳಿ ಬೇರು ಶೇಖರಿಸಿಟ್ಟ ಧಾನ್ಯವನ್ನು ಹುಳುಗಳಿಂದ ಕಾಪಾಡಬಲ್ಲುದೆಂಬುದನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು 1999ರಲ್ಲಿ ಪ್ರಕಟಿಸಿದರು. ಭರಣಿಯಲ್ಲಿ ಈ ಉಪ್ಪಿನಕಾಯಿ ಬಹುಕಾಲ ಕೆಡದೆ ಉಳಿಯುವುದನ್ನು ಬಲ್ಲ ಗೃಹಿಣಿಯರಿಗೆ ಇದು ಆಶ್ಚರ್ಯವೆನಿಸಲಾರದು.

ವಿಜ್ಞಾನಿಗಳಿಗಿಂತಲೂ ಗೃಹಿಣಿಯರಿಗಿಂತಲೂ ಮೊದಲೇ ಈ ಬೇರನ್ನು ಅರಿತಿದ್ದವರು ಬೆಟ್ಟದ ಜನ. ಪೊಳ್ಳಾಚಿಯ ತೆಂಗಿನ ತೋಟಗಳನ್ನು ದಾಟಿದೊಡನೆ ಎದ್ದು ನಿಲ್ಲುವ ಆನೆಮಲೆಯ ಸಾಲು ಕೊಯಮತ್ತೂರು ಜಿಲ್ಲೆಯಲ್ಲಿಯೂ, 2009ರಲ್ಲಿ ರಚಿತವಾದ ತಿರುಪ್ಪೂರು ಜಿಲ್ಲೆಯ ಉಡುಮಲೈ ಭಾಗದಲ್ಲಿಯೂ ಹಬ್ಬಿದೆ. ಇಲ್ಲಿ ಕಾಡರ್, ಮಲಸರ್, ಮಲೈಮಲಸರ್, ಮುದುವರ್, ಪುಲೈಯರ್, ಎರವಾಳರ್ ಎಂಬ ಆರು ಗಿರಿಜನ ಪಂಗಡಗಳು ವಾಸಿಸುತ್ತವೆ. ಇವರಲ್ಲಿ ಕಾಡರ್ ಜನರು, ಹೆಸರೇ ಹೇಳುವಂತೆ, ಕಾಡನ್ನೇ ನಂಬಿ ಬಾಳಿದವರು. ಪೂರ್ವದಲ್ಲಿ ಅವರು ಉಳಲಿಲ್ಲ, ಬಿತ್ತಲಿಲ್ಲ. ಕಾಡುಗೆಣಸನ್ನು ಅಗೆದು, ಜೇನು ಇಳಿಸಿ, ಸಣ್ಣಪುಟ್ಟ ಬೇಟೆಯಾಡಿ ಜೀವಿಸಿದರು.

ಆನೆಮಲೆಗೆ ಮಾಗಳಿಯ ಜಾತಿಯಲ್ಲಿಯೇ ತನ್ನದೆಂಬ ಇನ್ನೊಂದು ಸಸ್ಯವಿದೆ. ಇದರ ಎಲೆ ಕಿರಿದಾಗಿ ನೀಳವಾಗಿರುವುದರಿಂದ, ವಿಲ್ಲೋ ಮರದ ಎಲೆಯುಳ್ಳದ್ದು ಎಂಬ ಅರ್ಥದಲ್ಲಿ ಡೆಕಾಲೆಪಿಸ್ ಸ್ಯಾಲಿಸಿಫೋಲಿಯಾ ಎಂಬ ಹೆಸರು ಬಂದಿದೆ. ಆನೆಮಲೆ ಮತ್ತು ಅದಕ್ಕೆ ಹೊಂದಿಕೊಂಡ ಮರಯೂರು ಕಣಿವೆಯ ಬಂಡೆಗಳ ಇಳಿಜಾರಿನಲ್ಲಿ ಮಾತ್ರ ಕಾಣಸಿಗುವ ಈ ಗಿಡ ಇಂದು ಅಳಿವಿನ ಅಂಚಿನಲ್ಲಿದೆ. ಇದರ ಬೇರಿನಲ್ಲಿಯೂ ಅದೇ ಪರಿಮಳವುಂಟು.

ಈ ಬೇರುಗಳನ್ನು ಗಿರಿಜನರು ಬಳಸುವ ಬಗೆ ಸರಳವಾದುದು. ಹಸಿಯ ಬೇರಿನ ತುಂಡನ್ನು ಅಗಿದರೆ ಮೊದಲು ನಾಲಿಗೆ ಜುಮ್ಮೆನ್ನುತ್ತದೆ, ಅನಂತರ ಸಿಹಿಯು ಉಳಿಯುತ್ತದೆ. ದೇಹಕ್ಕೆ ತಂಪು, ಹಸಿವನ್ನು ಹೆಚ್ಚಿಸುತ್ತದೆ, ಜೀರ್ಣಕ್ಕೆ ಒಳ್ಳೆಯದು ಎಂಬುದು ಅವರ ನಂಬಿಕೆ. ಹೊಟ್ಟೆಯ ನೋವಿಗೆ, ಹುಣ್ಣಿಗೆ ಬೇರನ್ನು ಔಷಧವಾಗಿ ಕೊಡುವುದುಂಟು. ರಕ್ತಶುದ್ಧಿಗೆಂದು ಆಂಧ್ರದ ಚೆಂಚು ಮತ್ತು ಯಾನಾದಿ ಜನರೂ ಮಾಗಳಿಯನ್ನು ಬಳಸುತ್ತಾರೆ. ಇದೆಲ್ಲವೂ ಪರಂಪರೆಯ ಅನುಭವ. ವೈದ್ಯರ ಚಿಕಿತ್ಸೆಗೆ ಬದಲಾಗಿ ಯಾರೂ ಇದನ್ನು ಸ್ವೀಕರಿಸಬೇಕಾಗಿಲ್ಲ.

ಈ ಕತೆಯಲ್ಲಿ ಕನ್ನಡಿಗರಿಗೂ ನೇರವಾದ ಪಾಲಿದೆ. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾಗುವವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅಂದು ನಮ್ಮ ಜಿಲ್ಲೆಯವರು. ಕನ್ನಡಕ್ಕೆ ಬಹು ಸಮೀಪವಾದ ನುಡಿಯನ್ನಾಡುವ ಈ ಜನ ಜೇನು, ಸೀಗೆ, ಅಂಟುವಾಳ, ನೆಲ್ಲಿಗಳ ಜೊತೆಗೆ ಮಾಕಳಿ ಬೇರನ್ನೂ ಕಾಡಿನಿಂದ ಸಂಗ್ರಹಿಸುತ್ತ ಬಂದವರು. ಬಿಳಿಗಿರಿರಂಗನ ಬೆಟ್ಟದಲ್ಲಿ ಅವರ ಸಂಗ್ರಹವನ್ನು ಗಿರಿಜನ ಸಹಕಾರ ಸಂಘಗಳು ಕೊಳ್ಳುತ್ತಿದ್ದವು.

ಈಗ ಮುಖ್ಯ ವಿಷಯಕ್ಕೆ ಬರೋಣ. ನೆಲ್ಲಿಕಾಯಿಯನ್ನು ಕಿತ್ತರೆ ಮರ ಉಳಿಯುತ್ತದೆ. ಸೀಗೆಯನ್ನು ಕೊಯ್ದರೆ ಬಳ್ಳಿ ಉಳಿಯುತ್ತದೆ. ಬೇರಿನ ವ್ಯವಹಾರ ಹಾಗಲ್ಲ. ಬೇರೇ ಗಿಡದ ಪ್ರಾಣ. ಕಾಡುಗೆಣಸನ್ನು ಅಗೆಯುವಾಗ ಬಳ್ಳಿಗೆ ಅಂಟಿದ ತಲೆಭಾಗವನ್ನು ಮಣ್ಣಿನಲ್ಲಿಯೇ ಬಿಟ್ಟು ಮುಚ್ಚುವ ಪದ್ಧತಿ ಅನೇಕ ಅರಣ್ಯವಾಸಿಗಳಲ್ಲಿದೆ. ಮರುವರ್ಷ ಅದೇ ಗುಂಡಿಯಲ್ಲಿ ಗೆಣಸು ದೊರೆಯಬೇಕೆಂಬ ವಿವೇಕ ಅದರ ಹಿಂದಿದೆ. ಮಾಗಳಿಯಲ್ಲಿಯೂ ಗೊಂಚಲಿನ ಕೆಲವು ಬೇರುಗಳನ್ನು ಮಾತ್ರ ತೆಗೆದು ಉಳಿದುದನ್ನು ಮುಚ್ಚಿದರೆ ಬಳ್ಳಿ ಮತ್ತೆ ಚಿಗುರಬಲ್ಲುದು. ತನ್ನ ಮನೆಯ ಅಗತ್ಯಕ್ಕಾಗಿ ಅಗೆಯುವವನಿಗೆ ಇಷ್ಟು ಸಾಕು. ಆದರೆ ಪೇಟೆಗೆ ಮೂಟೆಯ ಲೆಕ್ಕದಲ್ಲಿ ಬೇರು ಬೇಕಾದಾಗ, ಕೂಲಿ ತೂಕಕ್ಕೆ ಸಿಗುವಾಗ, ಬುಡಸಹಿತ ಕೀಳುವ ಹಾರೆಗೆ ವಿವೇಕವನ್ನು ಯಾರು ಹೇಳಬೇಕು? ಬೀಜದಿಂದ ಮೊಳೆಯುವ ಸಸಿಗಳು ವಿರಳ, ಬೆಳವಣಿಗೆ ನಿಧಾನ. ಹೀಗಾಗಿ ಹ್ಯಾಮಿಲ್ಟೋನಿಯೂ ಅಪಾಯಕ್ಕೀಡಾದ ಸಸ್ಯಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಹೋಯಿತು.

ಹಾಗಾದರೆ ಸಂಗ್ರಹವನ್ನೇ ನಿಷೇಧಿಸಿದರೆ ಸಾಕೆ? ಬಿಳಿಗಿರಿರಂಗನ ಬೆಟ್ಟದಲ್ಲಿ 2006ರಲ್ಲಿ ಕಿರು ಅರಣ್ಯೋತ್ಪನ್ನಗಳ ಮಾರಾಟದ ಸಂಗ್ರಹಕ್ಕೆ ತಡೆ ಬಿದ್ದಾಗ ಸೋಲಿಗರ ಮುಖ್ಯ ವರಮಾನವೇ ಕುಸಿಯಿತು. ಅದೇ 2006ರ ಅರಣ್ಯ ಹಕ್ಕು ಕಾಯಿದೆಯು ಬೇರು ಗೆಡ್ಡೆಗಳನ್ನೂ ಒಳಗೊಂಡಂತೆ ಕಿರು ಅರಣ್ಯೋತ್ಪನ್ನಗಳ ಮೇಲೆ ಅರಣ್ಯವಾಸಿಗಳ ಹಕ್ಕನ್ನು ಮಾನ್ಯಮಾಡಿತು. 2011ರಲ್ಲಿ ಅಲ್ಲಿಯ 25 ಗ್ರಾಮಸಭೆಗಳು ಸಮುದಾಯ ಅರಣ್ಯ ಹಕ್ಕನ್ನು ಪಡೆದವು. ಕಾಯಿದೆಯು ಹಕ್ಕಿನ ಜೊತೆಗೆ ಕಾಡನ್ನು ಕಾಪಾಡುವ ಹೊಣೆಯನ್ನೂ ಗ್ರಾಮಸಭೆಗೇ ಒಪ್ಪಿಸಿದೆ. ಯಾವ ಬಂಡೆಯ ಬುಡದಲ್ಲಿ ಎಷ್ಟು ಬಳ್ಳಿಗಳಿವೆ, ಯಾವುದನ್ನು ಈ ವರ್ಷ ಮುಟ್ಟಬಾರದು ಎಂಬುದನ್ನು ಹೇಳಬಲ್ಲವರು ಅವರೇ ಆದುದರಿಂದ ಇದು ನ್ಯಾಯವೂ ಹೌದು, ಜಾಣ್ಮೆಯೂ ಹೌದು.

ಇಂತಹ ಸಮಸ್ಯೆ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕದ ಕಾಡುಗಳ ಜಿನ್‌ಸೆಂಗ್ ಬೇರು ಪರದೇಶಗಳಿಗೆ ರಫ್ತಾಗಿ ಕ್ಷೀಣಿಸತೊಡಗಿದಾಗ, 1975ರಲ್ಲಿ ಅದನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಡಿಸಿದರು. ಐದು ವರ್ಷ ತುಂಬದ ಗಿಡದ ಬೇರನ್ನು ರಫ್ತು ಮಾಡುವಂತಿಲ್ಲ. ಅನೇಕ ಸಂಸ್ಥಾನಗಳಲ್ಲಿ, ಅಗೆದವನು ಹಣ್ಣಿನ ಬೀಜವನ್ನು ಅದೇ ಸ್ಥಳದಲ್ಲಿ ಊರಿಯೇ ಬರಬೇಕು. ಕಾಡುಗೆಣಸಿನ ತಲೆಯನ್ನು ಮಣ್ಣಿನಲ್ಲಿ ಬಿಟ್ಟುಬರುವ ವನವಾಸಿಯ ನಡತೆಯನ್ನೇ ಆ ದೇಶ ಕಾನೂನಾಗಿ ಬರೆದುಕೊಂಡಿತೆಂದು ನನಗೆ ತೋರುತ್ತದೆ.

ಮಾಗಳಿಯನ್ನು ತೋಟದಲ್ಲಿ ಬೆಳೆಯುವುದು ಸಾಧ್ಯ. ಅಂಗಾಂಶ ಕೃಷಿಯಿಂದ ಸಸಿ ಪಡೆಯುವ ವಿಧಾನಗಳನ್ನು ಮೈಸೂರಿನಲ್ಲಿಯೂ ಇತರೆಡೆಗಳಲ್ಲಿಯೂ ರೂಪಿಸಿದ್ದಾರೆ. ಪೊಳ್ಳಾಚಿ, ಉಡುಮಲೈ, ಅವಿನಾಶಿ ಕಡೆಗಳಲ್ಲಿ ಜಮೀನುಳ್ಳ ನಮ್ಮ ಹಳೆಯ ವಿದ್ಯಾರ್ಥಿಗಳು ಹಲವರಿದ್ದಾರೆ. ನೀರು ಸಾಲದೆ ಪಾಳುಬಿದ್ದ ಕಲ್ಲುಭೂಮಿಯ ಒಂದು ಮೂಲೆಯಲ್ಲಿ ಹತ್ತು ಬಳ್ಳಿಗಳನ್ನು ಬೇಲಿಗೆ ಹಬ್ಬಿಸಿ ನೋಡಲು ಅವರಲ್ಲಿ ನನ್ನ ಬಿನ್ನಹ. ಪೇಟೆಯಲ್ಲಿ ಕೊಳ್ಳುವವರು ಬೇರಿನ ಮೂಲವನ್ನು ವಿಚಾರಿಸಲಿ. ಗಿರಿಜನರ ಸಂಘಗಳಿಂದ ದೊರೆಯುವಲ್ಲಿ ಎರಡು ಕಾಸು ಹೆಚ್ಚಾದರೂ ಅದನ್ನೇ ಕೊಳ್ಳಲಿ. ಕಾಡರ್ ಮತ್ತು ಸೋಲಿಗರ ಮಕ್ಕಳು ತಮ್ಮ ಹಿರಿಯರ ಸಸ್ಯಜ್ಞಾನವನ್ನು ಕೀಳೆಂದು ಭಾವಿಸದಂತಹ ಪಾಠ ಶಾಲೆಗಳಲ್ಲಿ ಇರಲಿ. ಮಾಗಳಿಯ ರುಚಿಯನ್ನು ನಮಗೆ ಕೊಟ್ಟವರು ಅವರು. ಅವರ ಮೊಮ್ಮಕ್ಕಳಿಗೆ ಆ ಬಳ್ಳಿಯೂ, ನಮ್ಮ ಮೊಮ್ಮಕ್ಕಳಿಗೆ ಆ ಭರಣಿಯೂ ಉಳಿಯಬೇಕಾದರೆ ಈ ಋಣವನ್ನು ತೀರಿಸುವ ಕೆಲಸ ಈ ತಲೆಮಾರಿನಲ್ಲಿಯೇ ಆಗಬೇಕು.