ಬಾತ್ ಬಾಂಬ್: ಉಂಡೆ ಕಟ್ಟುವಾಗಲೇ ಪಾಠ

ಆಮ್ಲ, ಪ್ರತ್ಯಾಮ್ಲಗಳ ಘಟಕಕ್ಕೆ ಪರಿಮಳದ ಬಾತ್ ಬಾಂಬನ್ನು ಆರಿಸಿಕೊಂಡ ಪ್ರಶಿಕ್ಷಣಾರ್ಥಿಯ ಪಾಠ ಯೋಜನೆ ಸಾಮಾನ್ಯವಾಗಿ ಹೀಗಿರುತ್ತದೆ: ಉಂಡೆಯನ್ನು ಮನೆಯಲ್ಲಿ ಮಾಡಿ ತರುವುದು, ಬೀಕರಿನ ನೀರಿಗೆ ಹಾಕುವುದು, ಬುರುಗು ಎದ್ದಾಗ ಸಮೀಕರಣ ಬರೆಯುವುದು. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆದರೆ ಪಾಠ ಇರುವುದು ಉಂಡೆ ಕಟ್ಟುವಲ್ಲಿ. ಅದನ್ನು ನಾವು ಮನೆಯಲ್ಲೇ ಬಿಟ್ಟು ಬಂದಿರುತ್ತೇವೆ.

ಇಂಗ್ಲೆಂಡಿನ ಮೋ ಕಾನ್‌ಸ್ಟಂಟೈನ್ 1989ರಲ್ಲಿ ಇದನ್ನು ರೂಪಿಸಿದರು. ಲಷ್ ಕಂಪನಿಯ ಮೂಲಕ ಅದು ಹೆಸರಾಯಿತು. ಬಾತ್‌ಟಬ್ ಇಲ್ಲದ ಮನೆಗೆ ಬಕೆಟ್ ಸಾಕು. ಬೇಕಾದ್ದು ಅಡುಗೆ ಸೋಡಾ 100 ಗ್ರಾಂ, ಸಿಟ್ರಿಕ್ ಆಮ್ಲ (ಅಂಗಡಿಯ ನಿಂಬೆ ಉಪ್ಪು) 50 ಗ್ರಾಂ, ಕಾರ್ನ್‌ಫ್ಲೋರ್ 50 ಗ್ರಾಂ, ಕೊಬ್ಬರಿ ಎಣ್ಣೆ ಎರಡು ಟೀ ಚಮಚ, ಮೈಗೆ ಹಚ್ಚಲು ಯೋಗ್ಯವಾದ ಸುಗಂಧ ತೈಲ ಏಳೆಂಟು ಹನಿ. ನಿಂಬೆ ಉಪ್ಪನ್ನು ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಬೇಕು. ಪುಡಿ ಹಾರಿ ಕಣ್ಣಿಗೆ ಬಿದ್ದರೆ ಉರಿಯುತ್ತದೆ, ಹಾಗಾಗಿ ಈ ಕೆಲಸ ಶಿಕ್ಷಕರದೇ.

ಒಣ ಪುಡಿಗಳನ್ನು ಮಕ್ಕಳ ಎದುರಿಗೇ ಬೆರೆಸಿ. ಏನೂ ಆಗುವುದಿಲ್ಲ. ಇಲ್ಲಿ ನಿಲ್ಲಿ. ‘ಆಮ್ಲ ಇದೆ, ಪ್ರತ್ಯಾಮ್ಲೀಯ ಲವಣ ಇದೆ, ಮತ್ತೆ ಯಾಕೆ ಸುಮ್ಮನಿವೆ?’ ಎಂದು ಕೇಳಿ. ಎಣ್ಣೆ ಹಾಕಿ, ಆಗಲೂ ಸುಮ್ಮನೆ. ‘ದ್ರವ ಬೇಕು’ ಎಂದ ಹುಡುಗನ ಊಹೆ ಅಲ್ಲಿಗೆ ಬಿತ್ತು. ಒಂದು ಚಿಟಿಕೆ ಮಿಶ್ರಣಕ್ಕೆ ಒಂದು ಹನಿ ನೀರು ಬಿಡಿ: ಕೂಡಲೇ ಬುಸುಗುಟ್ಟುತ್ತದೆ. ನೀರಿನಲ್ಲಿ ಕರಗಿದಾಗಲಷ್ಟೇ ಆಮ್ಲ ಹೈಡ್ರೋಜನ್ ಅಯಾನುಗಳನ್ನು ಬಿಟ್ಟುಕೊಡುತ್ತದೆ. ಒಣ ಹೈಡ್ರೋಜನ್ ಕ್ಲೋರೈಡ್ ಅನಿಲ ಒಣ ಲಿಟ್ಮಸ್‌ನ ಬಣ್ಣ ಬದಲಿಸದು ಎಂದು ಹತ್ತನೇ ತರಗತಿಯಲ್ಲಿ ಹೇಳುವುದೂ ಇದನ್ನೇ. ಆ ಪ್ರಯೋಗಕ್ಕೆ ಪ್ರಬಲ ಸಲ್ಫ್ಯೂರಿಕ್ ಆಮ್ಲ ಬೇಕು, ಇದಕ್ಕೆ ಬೇಡ.

ಇನ್ನೊಂದು ಸಂಗತಿಯನ್ನು ಪಾಠ ಯೋಜನೆಗಳು ಮರೆಯುತ್ತವೆ. ಈ ಕ್ರಿಯೆಯಲ್ಲಿ ಸೋಡಿಯಂ ಸಿಟ್ರೇಟ್ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆಗೆ ನೀರೂ ಹುಟ್ಟುತ್ತದೆ. ಹೊಸ ನೀರು ಪಕ್ಕದ ಕಣಗಳನ್ನು ಕರಗಿಸುತ್ತದೆ, ಅಲ್ಲಿ ಮತ್ತೆ ನೀರು. ಆದ್ದರಿಂದಲೇ ಒಂದೆರಡು ಹನಿ ಹೆಚ್ಚಾದರೆ ಇಡೀ ಉಂಡೆ ಉಬ್ಬಿ ಬಿರಿಯುತ್ತದೆ. ಮಳೆಗಾಲದಲ್ಲಿ ನೀರೇ ಮುಟ್ಟಿಸದೆ, ಎಣ್ಣೆಯಲ್ಲೇ ಹಿಡಿಗೆ ಬರುವಷ್ಟು ಕಲಸಿ, ಒತ್ತಿ, ಒಂದು ದಿನ ಒಣಗಲು ಬಿಡುವುದು ಲೇಸು. ಹಾಗಿದ್ದೂ ರಾತ್ರಿ ಕಳೆಯುವುದರೊಳಗೆ ಉಂಡೆ ಉಬ್ಬಿದರೆ ಪ್ರಶಿಕ್ಷಣಾರ್ಥಿ ಅದನ್ನು ಬಚ್ಚಿಡುತ್ತಾರೆ, ವೀಕ್ಷಕರು ಅಂಕ ಕಡಿಯುತ್ತಾರೆ. ಇಬ್ಬರೂ ಮಾಡುವುದು ತಪ್ಪು. ಒಳ್ಳೆಯ ಉಂಡೆಯ ಪಕ್ಕದಲ್ಲಿ ಅದನ್ನೂ ಇಟ್ಟು ‘ಇದಕ್ಕೆ ನೀರು ಎಲ್ಲಿಂದ ಬಂತು?’ ಎಂದು ಕೇಳಿದರೆ ಹದಿನೈದು ನಿಮಿಷದ ಚರ್ಚೆ ತಾನಾಗಿ ಬೆಳೆಯುತ್ತದೆ.

ಪರಿಮಳದಿಂದಲೇ ಬುರುಗು ಬರುತ್ತದೆ ಎಂದು ಕೆಲವು ಮಕ್ಕಳು ನಂಬಬಹುದು. ಬಿಸಿಯಾಗಿ ಕುದಿಯುತ್ತಿದೆ ಎಂದೂ ಅಂದುಕೊಳ್ಳಬಹುದು. ಮೊದಲನೆಯದಕ್ಕೆ ತೈಲ ಹಾಕದ ಒಂದು ಉಂಡೆ ಮಾಡಿಡಿ. ಎರಡನೆಯದಕ್ಕೆ ಸ್ವಲ್ಪವೇ ನೀರಿನಲ್ಲಿ ತಾಪಮಾಪಕ ಇಟ್ಟು ಉಂಡೆ ಹಾಕಿ: ಪಾದರಸ ಇಳಿಯುತ್ತದೆ. ಇದು ಶಾಖ ಹೀರುವ ಕ್ರಿಯೆ.

ಹತ್ತನೇ ತರಗತಿಯಾದರೆ ತೂಕದ ಲೆಕ್ಕವನ್ನೂ ಕೊಡಬಹುದು. ಒಂದು ಮೋಲ್ ಸಿಟ್ರಿಕ್ ಆಮ್ಲಕ್ಕೆ (192 ಗ್ರಾಂ) ಮೂರು ಮೋಲ್ ಸೋಡಾ (252 ಗ್ರಾಂ). ನಮ್ಮ 50 ಗ್ರಾಂ ಆಮ್ಲ ಸುಮಾರು 66 ಗ್ರಾಂ ಸೋಡಾವನ್ನಷ್ಟೇ ಬಳಸಿಕೊಳ್ಳುತ್ತದೆ. ಉಳಿದ 34 ಗ್ರಾಂ ಸೋಡಾ ಯಾಕೆ? ಸ್ನಾನದ ನೀರಿನಲ್ಲಿ ಆಮ್ಲ ಉಳಿಯಬಾರದಲ್ಲ!

ಉಳಿದ ಮಿಶ್ರಣವನ್ನು ಬಿಗಿ ಮುಚ್ಚಳದ ಸೀಸೆಯಲ್ಲಿ ತುಂಬಿಡಬೇಡಿ. ತೇವ ಸೇರಿದ್ದರೆ ಒಳಗೆ ಅನಿಲ ಒತ್ತಿ ಸೀಸೆ ಒಡೆಯಬಹುದು. ಕಾಗದದಲ್ಲಿ ಸುತ್ತಿ, ಒಣ ಜಾಗದಲ್ಲಿಟ್ಟು, ಒಂದೆರಡು ವಾರದೊಳಗೆ ಬಳಸಿಬಿಡಿ.