ತೊಂಬತ್ತು ನಿಮಿಷಗಳ ಓಟ

ಪುಣೆಯ ಬಾಲೇವಾಡಿ ಕ್ರೀಡಾಂಗಣದಲ್ಲಿ, 2018ರ ಮಾರ್ಚ್ 7ರಂದು, ಬೆಂಗಳೂರು ಎಫ್‌ಸಿಯೂ ಪುಣೆ ಸಿಟಿಯೂ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲಿನ ಉಪಾಂತ್ಯದ ಮೊದಲ ಪಂದ್ಯವನ್ನಾಡಿ ಗೋಲಿಲ್ಲದೆ ಸಮನಾದುವು. ನಾಲ್ಕು ದಿನಗಳ ತರುವಾಯ ತನ್ನೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು 3–1ರಿಂದ ಗೆದ್ದಿತು. ಮೂರೂ ಗೋಲುಗಳು ಸುನಿಲ್ ಛೇತ್ರಿಯವು, ಕಡೆಯದು 89ನೆಯ ನಿಮಿಷದ್ದು. ಮೂವತ್ತಮೂರರ ಆಟಗಾರನಲ್ಲಿ ಆ ಹೊತ್ತಿಗೂ ಓಟ ಉಳಿದಿದ್ದುದೇ ನನಗೆ ಗೋಲಿಗಿಂತ ದೊಡ್ಡದಾಗಿ ತೋರುತ್ತದೆ.

ಪಂದ್ಯದ ಓಟ ಮೊದಲಿಂದ ಕಡೆಯವರೆಗೆ ಏಕಪ್ರಕಾರವಾಗಿರುವುದಿಲ್ಲ. ಡೆನ್ಮಾರ್ಕಿನ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅತಿ ತೀವ್ರವಾಗಿ ಓಡಿದ ಐದು ನಿಮಿಷಗಳ ಬೆನ್ನಿಗೆ ಬರುವ ಐದು ನಿಮಿಷಗಳಲ್ಲಿ ವೇಗದ ಓಟವು ಪಂದ್ಯದ ಸರಾಸರಿಗಿಂತ ಶೇಕಡ 12ರಷ್ಟು ಕುಗ್ಗುತ್ತದೆ; ಅಂತಿಮ ಕಾಲು ಗಂಟೆಯಲ್ಲಂತೂ, ಸ್ನಾಯುಗಳಲ್ಲಿ ಸಂಚಿತವಾದ ಗ್ಲೈಕೋಜನ್ ಕ್ಷೀಣಿಸಿದಂತೆ, ಉತ್ತಮೋತ್ತಮ ಆಟಗಾರರೂ ಮಂದರಾಗುತ್ತಾರೆ.

ದಶಕಗಳ ಅಂತರದಲ್ಲಿ ಆಗಿರುವ ಬದಲಾವಣೆ ಇನ್ನೂ ಸ್ವಾರಸ್ಯವಾದುದು. ಬೆಂಗಳೂರಿನ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆಡಿದ ಕಾಲಕ್ಕೆ ನಮ್ಮ ದೇಶದೊಳಗಿನ ಪಂದ್ಯಗಳು ಎಪ್ಪತ್ತು ನಿಮಿಷಗಳವು. ಆಟಗಾರ ಎಷ್ಟು ಓಡಿದನೆಂದು ಅಳೆಯುವ ಗೊಡವೆಯೇ ಇರಲಿಲ್ಲ. 1976ರಲ್ಲಿ ಥಾಮಸ್ ರೈಲಿ ಮತ್ತು ವಾನ್ ಥಾಮಸ್ ಎಂಬ ಸಂಶೋಧಕರು ಇಂಗ್ಲೆಂಡಿನ ವೃತ್ತಿ ಆಟಗಾರರ ಒಂದೊಂದು ಚಲನೆಯನ್ನೂ ಬಾಯಲ್ಲಿ ಹೇಳುತ್ತ ಧ್ವನಿಸುರುಳಿಯಲ್ಲಿ ದಾಖಲಿಸಿಕೊಂಡು, ಪಂದ್ಯವೊಂದಕ್ಕೆ ಸರಾಸರಿ 8.7 ಕಿಲೋಮೀಟರ್ ಎಂದು ಲೆಕ್ಕಹಾಕಿದರು. ಇಂದು ಹತ್ತರಿಂದ ಹನ್ನೆರಡು ಕಿಲೋಮೀಟರ್ ಓಡುವುದು ವಾಡಿಕೆಯಾಗಿದೆ. ಆದರೆ ಈ ಒಟ್ಟು ದೂರವನ್ನೇ ನೆಚ್ಚಿದರೆ ಮೋಸಹೋಗುತ್ತೇವೆ: ಇಂಗ್ಲಿಷ್ ಪ್ರೀಮಿಯರ್ ಲೀಗಿನಲ್ಲಿ 2006–07ರಿಂದ 2012–13ರ ವರೆಗೆ ಒಟ್ಟು ದೂರ ಬೆಳೆದದ್ದು ಶೇಕಡ 2ರಷ್ಟು ಮಾತ್ರ, ತೀವ್ರಗತಿಯ ಓಟ ಶೇಕಡ 30ರಷ್ಟೂ, ಸರ್ವಶಕ್ತಿಯಿಂದ ಧಾವಿಸಿದ ದೂರ ಶೇಕಡ 35ರಷ್ಟೂ ಹೆಚ್ಚಿದುವು. ಚೆಂಡು ಕೈತಪ್ಪಿದ ಕ್ಷಣವೇ ಎದುರಾಳಿಯ ಮೇಲೆರಗುವುದೂ, ಅದು ದಕ್ಕಿದೊಡನೆ ಮುನ್ನುಗ್ಗುವುದೂ ಈಗಿನ ತಂಡಗಳ ಧರ್ಮವಾಗಿರುವುದರಿಂದ, ನಿಂತು ಉಸಿರೆಳೆದುಕೊಳ್ಳುವ ಅವಕಾಶ ಅಪರೂಪವಾಗುತ್ತಿದೆ.

ಎಲ್ಲರ ಹೊರೆಯೂ ಒಂದೇ ಅಲ್ಲ. ಮಧ್ಯಾಂಗಣದವರು ಅತಿ ದೂರ ಓಡುತ್ತಾರೆ; ಅಂಚಿನವರು ಅತಿ ವೇಗವಾಗಿ; ನಡುವಿನ ರಕ್ಷಕರು ಎಲ್ಲರಿಗಿಂತ ಕಡಿಮೆ.

2020ರಲ್ಲಿ ತಾತ್ಕಾಲಿಕವಾಗಿ ಬಂದು 2022ರಲ್ಲಿ ಸ್ಥಿರವಾದ ಐವರು ಬದಲಿ ಆಟಗಾರರ ನಿಯಮವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೂ ಅದರ ಫಲ ಬಹುಮಟ್ಟಿಗೆ ದಾಳಿಗಾರರಿಗೆ ಸಲ್ಲುತ್ತಿದ್ದು, ಬದಲಾವಣೆ ಕಾಣದ ನಡುವಣ ರಕ್ಷಕ ಎಂಬತ್ತನೆಯ ನಿಮಿಷದಲ್ಲಿ, ಆಗತಾನೆ ಅಂಗಣಕ್ಕಿಳಿದ ಎದುರಾಳಿಯ ಬೆನ್ನಟ್ಟಿ ಓಡಬೇಕಾಗಿದೆ.